ಗಡಿ ದಾಟಿ ಬಂದ ಕಿವಿ

ಕೊಟ್ಟ ಬೆಲೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದ ಒಬ್ಬ ಮನುಷ್ಯನನ್ನೂ ನಮ್ಮ ಮಧುಗಿರಿ ಸೀಮೆಯಲ್ಲಿ ನಾನು ಈವರೆಗೆ ಕಂಡಿಲ್ಲ. ಕೈಯಲ್ಲಿ ಚೀಲ ಹಿಡಿದು ಬರುವವರು ಎದುರಾದರೆ ‘ಊಟ ಆಯ್ತಾ’ ಎನ್ನುವ ಮೊದಲು ‘ಎಷ್ಟು ಬಿತ್ತು’ ಎಂದು ಕೇಳುವುದು ನಮ್ಮ ವಾಡಿಕೆ. ಕೇಳುವವನಿಗೆ ಕೇಳದೆ ಇರಲಾಗುವುದಿಲ್ಲ, ಹೇಳುವವನಿಗೆ ನಿಜ ಹೇಳಲಾಗುವುದಿಲ್ಲ. ನಿಜ ಹೇಳಿದರೆ ‘ಅಯ್ಯೋ, ಚೆನ್ನಾಗಿ ಟೋಪಿ ಹಾಕ್ಬುಟ್ರಲ್ಲಪ್ಪಾ ನಿಂಗೆ’ ಎಂಬ ಮರುಕ ಕಟ್ಟಿಟ್ಟ ಬುತ್ತಿ. ಆದ್ದರಿಂದ ನೂರಕ್ಕೆ ಕೊಂಡದ್ದನ್ನು ಎಪ್ಪತ್ತು ಎನ್ನುವುದು ಸುಳ್ಳಲ್ಲ, ಮರ್ಯಾದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಬಡವನಹಳ್ಳಿ ಸಂತೆಯ ಬದನೆಕಾಯಿಯ ವಿಷಯದಲ್ಲೂ ಹೆಂಡತಿಗೆ ಹೀಗೇ ಹೇಳುತ್ತಾ ಬಂದವನು. ಇಷ್ಟೆಲ್ಲ ತಿಳಿದವನು ಇನ್ನೊಬ್ಬರು ಹೇಳಿದ ಬೆಲೆಯನ್ನು ಹೇಗೆ ನಂಬಿದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿಗೆ. ಭಾವ ಕುರಿ ಕಾಯುತ್ತಿದ್ದವರು. ಒಂದು ಗುಡ್ಡದ ಮೇಲೆ ನಿಂತು ಕೂಗಿದರೆ ಇನ್ನೊಂದು ಗುಡ್ಡದ ಕುರಿ ತಲೆಯೆತ್ತಬೇಕು, ಅಂಥ ಗಂಟಲು. ಅಕ್ಕನಿಗೆ ಹತ್ತು ವರ್ಷದಿಂದ ಕಿವಿ ಮಂದವಾಗುತ್ತಾ ಬಂದರೂ ಮನೆಯಲ್ಲಿ ಯಾರಿಗೂ ಗೊತ್ತಾಗದೆ ಇದ್ದದ್ದು ಆ ಗಂಟಲಿನಿಂದಲೇ. ಆಮೇಲೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಯಿತು, ಮೇಯಲು ಜಾಗವಿಲ್ಲದೆ ಕುರಿ ಮಾರಿದ್ದಾಯಿತು, ಕೂಗುವ ಕೆಲಸ ಇಲ್ಲವಾಯಿತು. ಅದು ಸಾಲದೆಂಬಂತೆ ಹೋದ ವರ್ಷ ಭಾವನಿಗೆ ಗಂಟಲಿನ ಆಪರೇಷನ್ ಆಗಿ, ಉಳಿದದ್ದು ಬರೀ ಗಾಳಿಯಂಥ ಒಂದು ಪಿಸುದನಿ. ಮಾತಾಡಲಾಗದ ಗಂಡ, ಕೇಳಿಸಿಕೊಳ್ಳಲಾಗದ ಹೆಂಡತಿ ಎದುರುಬದುರು ಕೂತು, ಭಾನುವಾರ ನಾನು ಬರುವುದನ್ನೇ ಕಾಯುತ್ತಿದ್ದರು. ಭಾವ ನನ್ನ ಕಿವಿಯಲ್ಲಿ ಹೇಳುವುದು, ನಾನು ಅಕ್ಕನ ಕಿವಿಯಲ್ಲಿ ಅರಚುವುದು. ‘ಸಾರಿಗೆ ಉಪ್ಪಿಲ್ಲ’ ಎಂಬ ಮಾತಿಗೂ ಮಧುಗಿರಿಯಿಂದ ಮೇಷ್ಟ್ರು ಬರಬೇಕಿತ್ತು.

“ನಿಮ್ಮಕ್ಕಂಗೊಂದು ಕಿವಿ ಮಿಷಿನು ತಂದ್ಬುಡು ಮೇಷ್ಟ್ರೇ. ದುಡ್ಡು ನಾನು ಇಸ್ತಾನು,” ಎಂದರು ಭಾವ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ. ನನಗೆ ರೋಷ ಬಂತು. ಎತ್ತಿ ಆಡಿಸಿ ಬೆಳೆಸಿದ ಅಕ್ಕ. ನಾನೇ ಕೊಡಿಸುತ್ತೇನೆಂದು ಎದೆ ತಟ್ಟಿ ಹೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಅಕ್ಕನನ್ನು ಶಿರಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕನ್ನಡಕದ ಜೊತೆಗೆ ಕಿವಿ ಮಿಷನ್ನನ್ನೂ ಮಾರುವ ವಯಸ್ಸಾದ ಒಬ್ಬ ಸಾಹೇಬರಿದ್ದಾರೆ, ಎಲ್ಲರ ಬಾಯಲ್ಲೂ ಚಾಚಾ. ಅವರು ಅಕ್ಕನ ಕಿವಿ ಪರೀಕ್ಷಿಸಿ, ಹುರುಳಿಕಾಳಿಗಿಂತ ಒಂದಿಷ್ಟು ದೊಡ್ಡದಾದ ಒಂದು ವಸ್ತುವನ್ನು ತೋರಿಸಿ ಹದಿನೆಂಟು ಸಾವಿರ ಎಂದರು. ನಾನು ಗಾಬರಿಯಾಗಿ ಯಾಕಷ್ಟು ಎಂದೆ. “ಮಾಲು ಹೊರದೇಶದ್ದು ಮೇಷ್ಟ್ರೇ. ಹಡಗಿನೋನು ತಿನ್ಬೇಕು, ಇಂಪೋರ್ಟಿನೋನು ತಿನ್ಬೇಕು, ಬೆಂಗ್ಳೂರೋನು, ತುಮಕೂರೋನು, ಆಖರಿಗೆ ನಾನು. ನನ್ ಪಾಲಿಗೆ ಬರೋದು ಚೂರೇ,” ಎಂದರು. ವಿಚಾರಿಸಿ ಬರುತ್ತೇನೆಂದು ನಾನೆದ್ದಾಗ ಅವರು ಬೇಸರ ಮಾಡಿಕೊಳ್ಳದೆ, “ವಿಚಾರ್ಸಿ. ಆದ್ರೆ ಉಮರ್ ಆದೋರು, ವಯಸ್ಸಾದೋರ ವಿಷಯ, ಜಾಸ್ತಿ ದಿನ ಮಾಡ್ಬೇಡಿ,” ಎಂದಷ್ಟೇ ಹೇಳಿದರು.

ವಿಚಾರಿಸಿದ್ದು ನಾಗರಾಜಪ್ಪ ಮೇಷ್ಟ್ರನ್ನು. ಅವರು ಕೊರಟಗೆರೆಯವರು, ನಮ್ಮ ಶಾಲೆಯಲ್ಲಿ ಗಣಿತದವರು. ಮನೆಮಂದಿಯೆಲ್ಲ ಬೌದ್ಧರಾದ್ದರಿಂದ ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಒಂದು ತಂಡ ಕಟ್ಟಿಕೊಂಡು ನೇಪಾಳದ ಲುಂಬಿನಿಗೆ ಹೋಗಿಬರುತ್ತಾರೆ. ಹೋದ ಸಲ ತಮ್ಮ ತಂದೆಗೆ ಅದೇ ಕಂಪನಿಯ ಅದೇ ಮಿಷನ್ನನ್ನು ಅಲ್ಲಿಂದ ತಂದಿದ್ದರು. ಎಷ್ಟು ಬಿತ್ತು ಎಂದೆ. “ಹನ್ನೊಂದು ಸಾವ್ರ ಸಾರ್,” ಎಂದರು. ಏಳು ಸಾವಿರದ ವ್ಯತ್ಯಾಸ! ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಂದಿನಿಂದ ನಾನು ಸುಮ್ಮನೆ ಕೂರಲಿಲ್ಲ, ಯೋಚಿಸಿದೆ. ನನ್ನಂಥವನು ಮಾಡಬಾರದ ಕೆಲಸ ಅದು. ನೇಪಾಳಕ್ಕೆ ಸಮುದ್ರವಿಲ್ಲ, ಹಡಗಿನ ಮಾಲು ನಮ್ಮ ಕೋಲ್ಕತ್ತದಲ್ಲೇ ಇಳಿದು, ನಮ್ಮ ರಸ್ತೆಯಲ್ಲೇ ಸಾಗಿ, ಗಡಿ ದಾಟಬೇಕು. ಅಷ್ಟು ಹೆಚ್ಚು ದೂರ ನಡೆದದ್ದು ಅಲ್ಲಿ ಅಗ್ಗ, ಇಲ್ಲಿ ದುಬಾರಿ! ಯಾಕೆ? ಅಲ್ಲಿಯ ಸುಂಕ ಬೇರೆ ಇರಬೇಕು. ನಡುವೆ ತಿನ್ನುವ ಬಾಯಿ ಕಡಿಮೆ ಇರಬೇಕು. ಕೊಳ್ಳುವವರ ಜೇಬು ನೋಡಿ ಕಂಪನಿಯೇ ದೇಶಕ್ಕೊಂದು ಬೆಲೆ ಕಟ್ಟುತ್ತಿರಬೇಕು. ಕರಿಹಲಗೆಯ ಮೇಲೆ ನಕ್ಷೆ ಬರೆದು ಒಂಬತ್ತನೇ ತರಗತಿಗೆ ಎರಡು ಪೀರಿಯಡ್ ಇದನ್ನೇ ಹೇಳಿದೆ. ಹೇಳಲು ನನಗೆ ಅಧಿಕಾರವೂ ಇತ್ತೆನ್ನಿ. ಪಾವಗಡದ ಬಸ್ಸು ಹತ್ತಿದವರು ದಾರಿಯಲ್ಲಿ ಆಂಧ್ರವನ್ನು ಹೊಕ್ಕು ಹೊರಬೀಳುತ್ತಾರೆ; ಪೆಟ್ರೋಲಿಗಾಗಿ ಆಚೆಯವರು ನಮ್ಮ ಬಂಕಿಗೆ ಬರುವುದನ್ನು ನೋಡುತ್ತಲೇ ಇರುತ್ತೇವೆ. ಗಡಿ ಎಂದರೆ ಬೆಲೆ ಬದಲಾಗುವ ಜಾಗ ಎಂದು ನಾನು ಹೇಳಿದಾಗ ಮಕ್ಕಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು. ಇಷ್ಟು ತಿಳಿದವನು ಶಿರಾದಲ್ಲಿ ಹದಿನೆಂಟು ಕೊಟ್ಟರೆ ನಗೆಪಾಟಲಾಗುವುದಿಲ್ಲವೇ? ಪೂರ್ಣಿಮೆಗೆ ನಾಲ್ಕೇ ತಿಂಗಳು. ಇನ್ನೊಂದು ತರಲು ನಾಗರಾಜಪ್ಪ ಮೇಷ್ಟ್ರಿಗೆ ಹೇಳಿ, ಕಾಯುವುದೆಂದು ತೀರ್ಮಾನಿಸಿದೆ.

ಯುಗಾದಿ ಕಳೆದ ಭಾನುವಾರ ಹೋದಾಗ ಭಾವ ಹಾಸಿಗೆ ಹಿಡಿದಿದ್ದರು. ಕೈಸನ್ನೆ ಮಾಡಿ ಕರೆದರು. ಬಗ್ಗಿದೆ. “ಮಿಷಿನು ಬಂತಾ ಮೇಷ್ಟ್ರೇ?” ಎಂದರು. “ಪೂರ್ಣಿಮೆಗೆ ಬತ್ತದೆ ಭಾವ. ಏಳು ಸಾವ್ರ ಉಳೀತದೆ,” ಎಂದೆ. ಭಾವ ನನ್ನ ಮುಖ ನೋಡಿ, “ಉಳೀಲಿ ಬುಡಪ್ಪಾ,” ಎಂದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಅವರ ತುಟಿಯನ್ನೂ ನನ್ನ ತುಟಿಯನ್ನೂ ನೋಡುತ್ತಿದ್ದಳು. “ಏನಂತಾರ್ಲಾ?” ಎಂದು ಕೇಳಿದಳು. ಅದನ್ನು ಕೂಗಿ ಹೇಳಲು ನನಗೆ ನಾಚಿಕೆಯಾಯಿತು. “ನೀರು ಬೇಕಂತೆ,” ಎಂದು ಅರಚಿದೆ. ಅವಳು ಎದ್ದು ಹೋಗಿ ನೀರು ತಂದಳು. ಭಾವ ಕುಡಿಯಲಿಲ್ಲ. ಮುಂದಿನ ಭಾನುವಾರದೊಳಗೆ ಅವರು ತೀರಿಕೊಂಡರು.

ಪೂರ್ಣಿಮೆ ಬಂತು, ನಾಗರಾಜಪ್ಪ ಮೇಷ್ಟ್ರು ಹೋಗಿ ಬಂದರು, ಮಿಷನ್ನೂ ಬಂತು. ಜೊತೆಗಿದ್ದ ಬಿಲ್ಲಿನಲ್ಲಿ ಇಪ್ಪತ್ತೇಳು ಸಾವಿರದ ಐನೂರು ಎಂದಿದ್ದನ್ನು ಕಂಡು ನಾನು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದು ನೇಪಾಳಿ ರೂಪಾಯಿ ಎಂದು ಅವರು ಸಮಾಧಾನ ಹೇಳಿ, ಗಣಿತದವರಲ್ಲವೇ, ಅಲ್ಲೇ ಭಾಗಿಸಿ ತೋರಿಸಿದರು: ನಮ್ಮ ದುಡ್ಡಿನಲ್ಲಿ ಹದಿನೇಳು ಸಾವಿರದ ಚಿಲ್ಲರೆ. ಹೋದ ವರ್ಷ ಹನ್ನೊಂದಿದ್ದದ್ದು ಒಂದೇ ವರ್ಷಕ್ಕೆ ಇಷ್ಟಾಯಿತೇ ಎಂದೆ. ಅವರು ಸಂಕೋಚದಿಂದ ತಲೆ ಕೆರೆದುಕೊಂಡರು. “ಹೋದ್ಸಲಾನೂ ಇಷ್ಟೇ ಸಾರ್. ಎಷ್ಟು ಬಿತ್ತು ಅಂತ ಕೇಳಿದ್ರಲ್ಲ, ಎಲ್ರೂ ಹೇಳೋ ಹಂಗೆ ಹೇಳ್ದೆ. ನೀವು ಅದನ್ನ ನಿಜ ಅಂದ್ಕೋತೀರಿ ಅಂತ ನಂಗೇನ್ ಗೊತ್ತು?” ಎಂದರು. ಅವರ ಮೇಲೆ ರೇಗಲು ನನಗೆ ಯಾವ ಮುಖವಿತ್ತು? ಸುಂಕ, ಕಂಪನಿ, ಕೋಲ್ಕತ್ತದ ಹಡಗುಕಟ್ಟೆ ಎಂದೆಲ್ಲ ನಾನು ಕಾರಣ ಹುಡುಕಿದ್ದು ಆ ಏಳು ಸಾವಿರಕ್ಕೆ. ಅದರಲ್ಲಿ ಗಡಿಯ ಪಾಲು ಒಂದು ಸಾವಿರಕ್ಕೂ ಕಡಿಮೆ; ಮಿಕ್ಕದ್ದು ಕೊರಟಗೆರೆಯಲ್ಲಿ ತಯಾರಾದದ್ದು.

ಮಿಷನ್ನನ್ನು ಅಕ್ಕನ ಕಿವಿಗೆ ಹೊಂದಿಸಬೇಕಿತ್ತು. ಮತ್ತೆ ಶಿರಾದ ಚಾಚಾನೇ ಗತಿ. ತಮ್ಮಲ್ಲಿ ಕೊಳ್ಳದ ಮಾಲೆಂದು ನೋಡಿದ ಕೂಡಲೇ ಗೊತ್ತಾಗಿರಬೇಕು. ಆದರೂ ಅರ್ಧ ಗಂಟೆ ಕೂತು ಸರಿಮಾಡಿ ಕೊಟ್ಟರು, ಕಾಸು ಮುಟ್ಟಲಿಲ್ಲ. ‘ಎಷ್ಟು ಬಿತ್ತು’ ಎಂದು ಕೇಳಲೂ ಇಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಊರಿಗೆ ಬಂದು ಅಕ್ಕ ಜಗಲಿಯ ಮೇಲೆ ಕೂತಳು. ಫ್ಯಾನು ಕಿರುಗುಟ್ಟುವುದು ಕೇಳಿಸಿತು, ಪಕ್ಕದ ಮನೆಯ ಮಗು ಕೆಮ್ಮುವುದು ಕೇಳಿಸಿತು. ಖಾಲಿ ಕುರಿರೊಪ್ಪದ ಕಡೆ ತಲೆ ವಾಲಿಸಿ ಕೊಂಚ ಹೊತ್ತು ಆಲಿಸಿದಳು. ನಾನಿನ್ನೂ ಅಭ್ಯಾಸದಂತೆ ಅರಚುತ್ತಿದ್ದೆ. “ಮೆಲ್ಲಗೆ ಮಾತಾಡ್ಲಾ, ಕೇಳಿಸ್ತದೆ,” ಎಂದಳು. ಆಮೇಲೆ ನನ್ನ ಕಡೆ ತಿರುಗದೆ, “ಅವತ್ತು ನಿಮ್ ಭಾವ ನೀರು ಕೇಳಿರ್ನಿಲ್ಲ, ಅಲ್ವೇನ್ಲಾ?” ಎಂದು ಕೇಳಿದಳು. ಏನು ಮೆಲ್ಲಗೆ ಹೇಳಿದರೂ ಇನ್ನು ಅವಳಿಗೆ ಕೇಳಿಸುತ್ತಿತ್ತು. ನನ್ನ ಅವಸ್ಥೆ ನೋಡಲಾರದೆಯೋ ಏನೋ, ಅವಳೇ ಮಾತು ಬದಲಿಸಿದಳು. ಕಿವಿ ಮುಟ್ಟಿಕೊಂಡು, “ಎಷ್ಟು ಬಿತ್ತೋ ಇದ್ಕೆ?” ಎಂದಳು.

ನಿಜವನ್ನೇ ಹೇಳಬೇಕೆಂದು ಬಾಯಿ ತೆರೆದೆ, ದೇವರಾಣೆಗೂ.

“ಹನ್ನೊಂದು ಸಾವ್ರ ಕಣಕ್ಕ,” ಎಂದೆ.

“ಅಗ್ಗಾನೇ ಆಯ್ತು ಬುಡು,” ಎಂದಳು ಅಕ್ಕ.