ಮಾನವಶಾಸ್ತ್ರ ಮತ್ತು ಸಕ್ರಿ ಶಾಸ್ತ್ರ

ಮಾನವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ರಾಯಚೂರಿಗೆ ಮರಳಿದಾಗ ಜಗತ್ತಿನ ಸಮಸ್ಯೆಗಳನ್ನು ಬಗೆಹರಿಸಲು ನಾನು ಸಂಪೂರ್ಣ ಸಿದ್ಧಳಾಗಿದ್ದೆ. ಜಗತ್ತು ಸಿದ್ಧವಾಗಿತ್ತೋ ಇಲ್ಲವೋ, ವಿಚಾರಿಸಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ವಾಂತಿಭೇದಿಯಿಂದ ಲೋಕದ ತುಂಬ ಕೂಸುಗಳು ಸಾಯುತ್ತಿದ್ದವು. ಅದಕ್ಕೆ ಮದ್ದು ಪ್ರತಿಯೊಬ್ಬರ ಅಡುಗೆಮನೆಯಲ್ಲೇ ಇದೆ ಎಂದು ವೈದ್ಯರು ಕಂಡುಕೊಂಡಿದ್ದರು: ಕುದಿಸಿ ಆರಿಸಿದ ನೀರು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ. ಆದರೆ ಕೂಸಿಗೆ ಭೇದಿ ಹತ್ತಿದೊಡನೆ ನಮ್ಮ ಕಡೆಯ ಮನೆಗಳಲ್ಲಿ ನೀರು ಕೊಡುವುದನ್ನೇ ನಿಲ್ಲಿಸುತ್ತಿದ್ದರು. ಏಕೆ ನಿಲ್ಲಿಸುತ್ತಾರೆ, ಯಾರು ಹೇಳಿದರೆ ಕೊಡುತ್ತಾರೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಜನರನ್ನು ಅರಿತವರು ಬೇಕೆಂದು ಆರೋಗ್ಯ ಯೋಜನೆಯವರು ಹುಡುಕಿದಾಗ ಸಿಕ್ಕವಳು ನಾನು.

ನಮ್ಮದು ಕುರಿ ಸಾಕಿ, ಹೊಲ ಮಾಡಿಕೊಂಡಿದ್ದ ಮನೆತನ. ಅಪ್ಪನಿಗೆ ನೌಕರಿ ಸಿಕ್ಕಿ ನಾವು ಪಟ್ಟಣ ಸೇರಿದ್ದೆವು. ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ನಮ್ಮ ಜನರ ಮನೆಗಳು ಬಹಳ ಇದ್ದವು.

"ನಿಮ್ಮದೇ ಜನ, ನಿಮ್ಮದೇ ಮಾತು. ನಿಮಗೇನು ಕಷ್ಟ?" ಎಂದರು ನಮ್ಮ ಹಿರಿಯ ಅಧಿಕಾರಿ.

ಏನೂ ಕಷ್ಟವಿಲ್ಲವೆಂದೇ ನನಗೂ ಅನ್ನಿಸಿತು. ಅಲ್ಲಿಂದಲೇ ಕಷ್ಟ ಆರಂಭವಾಯಿತು!

ಹೊರಡುವ ದಿನ ಅವ್ವ ನನ್ನ ಚೀಲದಲ್ಲಿ ಒಂದು ತೆಂಗಿನಕಾಯಿ, ರವಿಕೆಗೆಂದು ಒಂದು ಕುಬಸದ ಖಣ ಇಟ್ಟಳು. "ಮೊದಲ ಸಲ ಮಂದಿ ಮನಿಗೆ ಹೊಂಟೀದಿ. ಬರಿಗೈಲೆ ಹೋಗಬಾರದವ್ವಾ" ಎಂದಳು. ನಾನು ನನ್ನ ವಿದ್ಯೆಗೆ ತಕ್ಕಂತೆ ಅರ್ಧ ಕಿಲೋ ಸಕ್ಕರೆ, ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಂಡೆ. ಹೀಗೆ ತಾಯಿ ಮಗಳು ಕೂಡಿ ಒಂದು ಅನಾಹುತಕ್ಕೆ ಬೇಕಾದ ಸಾಮಾನನ್ನು ಒಂದೇ ಚೀಲದಲ್ಲಿ ಕಟ್ಟಿದೆವು.

ನಾನು ಆರಿಸಿಕೊಂಡದ್ದು ಈರಮ್ಮನ ಮನೆ. ಅವಳ ಮೊಮ್ಮಗುವಿಗೆ ಎರಡು ದಿನದಿಂದ ಭೇದಿಯಾಗುತ್ತಿತ್ತು. ಪಡಸಾಲೆಯಲ್ಲಿ ಈರಮ್ಮನ ಅತ್ತೆ, ಹಲ್ಲಿಲ್ಲದ ಅಜ್ಜಿ, ಕಾಲು ಚಾಚಿ ಕೂತಿದ್ದಳು.

"ಏನ್ ಓದೀದೆವ್ವಾ?" ಎಂದಳು ಅಜ್ಜಿ.

"ಮಾನವಶಾಸ್ತ್ರ, ಅಜ್ಜಿ."

"ಅಂದ್ರ? ಯಾವ ಯಾವ ಶಾಸ್ತ್ರ ಬರ್ತಾವದ್ರಾಗ?"

ನಿಖರವಾಗಿ ಉತ್ತರಿಸುವುದು ನನ್ನ ಸ್ವಭಾವ. "ಹುಟ್ಟು, ಮದುವಿ, ಸಾವು, ಎಲ್ಲಾ ಶಾಸ್ತ್ರನೂ ಬರ್ತಾವ" ಎಂದೆ.

ಅಜ್ಜಿ ಚಾಚಿದ ಕಾಲು ಮಡಚಿಕೊಂಡಳು. "ಈರಮ್ಮಾ, ಚಾಪಿ ಹಾಸು. ಶಾಸ್ತ್ರ ತಿಳಿದಾಕಿ ಬಂದಾಳ!"

ಮನೆಯಲ್ಲಿ ಮಾತು ಯಾರದು ನಡೆಯುತ್ತದೆಂದು ತಿಳಿಯಲು ಮೊದಲು ಬಂಧುತ್ವದ ನಕ್ಷೆ ಬರೆಯಬೇಕೆಂದು ನಮಗೆ ಕಲಿಸಿದ್ದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಗೆರೆ. ನಾನು ಪೆನ್ಸಿಲ್ ತೆಗೆದು ಗಂಭೀರವಾಗಿ ಆರಂಭಿಸಿದೆ. ನಿಮ್ಮ ಬೆಡಗು, ಅಂದರೆ ಗೋತ್ರ, ಯಾವುದು? ಜೀರಿಗಿ ಬೆಡಗು. ತಾಯಿಯ ತವರು? ಸೋದರಮಾವಂದಿರು ಯಾರು? ದೊಡ್ಡ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ? ಈಕೆ ಯಾರು?

"ಈಕೆ" ಎಂದರೆ ಕಿರಿಯ ಮಗಳು ಹುಲಿಗೆಮ್ಮ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. ಕೊಡ ಹೊತ್ತು ಒಳಗೆ ಬರುತ್ತಿದ್ದಳು.

"ಎಷ್ಟು ಓದೀದಿ? ವಯಸ್ಸೆಷ್ಟು? ರೊಟ್ಟಿ ಬಡಿಯೋರು ನೀನೋ, ನಿಮ್ಮ ಅತ್ತಿಗಿಯೋ?"

ಕೂಸನ್ನು ನೋಡಿಕೊಳ್ಳುವವರು ಯಾರೆಂದು ತಿಳಿಯಲು ಕೆಲಸದ ಹಂಚಿಕೆ ಗೊತ್ತಾಗಬೇಕಲ್ಲ, ಅದಕ್ಕೆ ಕೇಳಿದ್ದು! ಈರಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಈರಮ್ಮನ ಮುಖ ನೋಡಿದಳು. ನಾನು ಯಾರ ಮುಖವನ್ನೂ ನೋಡಲಿಲ್ಲ. ವೃತ್ತ ಬರೆಯುತ್ತಿದ್ದೆ.

"ನಿಮ್ದು ಯಾವ ಬೆಡಗ್ರಿ?" ಎಂದಳು ಈರಮ್ಮ, ತಗ್ಗಿದ ದನಿಯಲ್ಲಿ.

ಜನರನ್ನು ನಾವು ಕೇಳಿದಂತೆ ಜನ ನಮ್ಮನ್ನು ಕೇಳಿದಾಗಲೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಕ್ಷೇತ್ರಕಾರ್ಯದ ಧರ್ಮ. "ಬಂಡಿ ಬೆಡಗು" ಎಂದೆ.

"ಬ್ಯಾರೆ ಬ್ಯಾರೆ. ಚೊಲೋ ಆತು" ಎಂದಳು ಅಜ್ಜಿ. ಏನು ಚೊಲೋ ಆಯಿತೆಂದು ನಾನು ಕೇಳಲಿಲ್ಲ.

"ಅಣ್ಣ ತಮ್ಮಂದಿರು ಅದಾರೇನ್ರಿ?"

"ಒಬ್ಬ ಅಣ್ಣ. ರಾಯಚೂರಾಗ ಬ್ಯಾಂಕಿನ್ಯಾಗ ಅದಾನ."

"ಅಣ್ಣಗ ಮದುವಿ ಆಗ್ಯದೇನು?"

"ಇನ್ನೂ ಇಲ್ಲ."

ಇದು ಅಕ್ಷರಶಃ ಸತ್ಯ. ಅಣ್ಣನಿಗೆ ಸೋದರಮಾವನ ಮಗಳೆಂದು ತೊಟ್ಟಿಲಲ್ಲೇ ತೀರ್ಮಾನವಾಗಿತ್ತು. ಆದರೆ ಅದನ್ನು ಅವರು ಕೇಳಲಿಲ್ಲ. ಕೇಳದ್ದನ್ನು ಹೇಳುವವಳು ನಾನಲ್ಲ. ಬಾಯಿಬಡುಕರಿಂದ ಲೋಕ ಕೆಡುತ್ತದೆ ಎನ್ನುತ್ತಾರೆ. ಅಂದು ಲೋಕ ಕೆಟ್ಟದ್ದು ಒಬ್ಬ ಮಿತಭಾಷಿಯಿಂದ!

ಹುಲಿಗೆಮ್ಮ ಕೂಸನ್ನು ಎತ್ತಿಕೊಂಡು ನನ್ನ ಪಕ್ಕದಲ್ಲಿ ಕೂತಳು. ಅವಳೇ ಮೆಲ್ಲಗೆ ಹೇಳಿದಳು: "ಅಕ್ಕಾರ, ಜಾಲಹಳ್ಳಿಯಿಂದ ನನಗೊಂದು ಮಾತು ಬಂದದ. ಹುಡುಗ ಸಾಲಿ ಮಾಸ್ತರ. ಲಗ್ನದ ಮ್ಯಾಲ ನನಗೂ ಮಾಸ್ತರ್ಕಿ ಟ್ರೇನಿಂಗ್ ಮಾಡಸ್ತೀನಿ ಅಂದಾನಂತ." ಹೇಳುವಾಗ ಅವಳ ಮುಖ ಹಿತ್ತಾಳೆ ಕೊಡದಂತೆ ಬೆಳಗಿತು. ನಾನು ಬಹಳ ಸಂತೋಷಪಟ್ಟು, ನಕ್ಷೆಯಲ್ಲಿ ಅವಳ ವೃತ್ತದ ಪಕ್ಕ ಒಂದು ಚುಕ್ಕಿಗೆರೆ ಹಾಕಿಕೊಂಡೆ.

ನಂತರ ಪ್ರಾತ್ಯಕ್ಷಿಕೆ. ಮೊದಲು ಉಪ್ಪು, ಆಮೇಲೆ ಸಕ್ಕರೆ. ಇದು ವಿಷವಲ್ಲವೆಂದು ನಂಬಿಸಲು ಅಜ್ಜಿಯ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದೆ. ಈರಮ್ಮನ ಬಾಯಿಗೆ ಹಾಕಿದೆ. ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯ ಹೆಂಗಸರನ್ನೂ ಕರೆದು ಕೊಟ್ಟೆ. ಕೂಸಿಗೆ ಚಮಚದಿಂದ ಕುಡಿಸಿದೆವು. ಅದು ಕುಡಿಯಿತು. ಉಳಿದ ಸಕ್ಕರೆಯನ್ನು ಹುಲಿಗೆಮ್ಮನಿಗೆ ಕೊಡಹೋದರೆ ಅವಳ ಕೈ ಒದ್ದೆಯಾಗಿತ್ತು. ಸೆರಗು ಒಡ್ಡಿದಳು. ಸುರಿದೆ. ಆಗ ಅವ್ವನ ಮಾತು ನೆನಪಾಗಿ ತೆಂಗಿನಕಾಯಿ, ಕುಬಸದ ಖಣವನ್ನೂ ಅದರ ಮೇಲೆಯೇ ಇಟ್ಟೆ.

ಪಡಸಾಲೆಯ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಂತರು. ನನ್ನ ಪ್ರಾತ್ಯಕ್ಷಿಕೆ ಅಷ್ಟು ಪರಿಣಾಮಕಾರಿಯಾಗಿದೆಯೆಂದು ನಾನು ತಿಳಿದೆ.

ಮುಂದಿನ ವಾರ ಹೋದಾಗ ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ನನಗೆ ಕಾಲಿಗೆ ನೀರು ಕೊಟ್ಟರು. ಹೋಳಿಗೆ ಬಡಿಸಿದರು. "ಹೆಣ್ಮಕ್ಕಳು ಹಿಂಗ ಧೈರ್ಯಲೆ ಎಲ್ಲಾ ನಡಿಸ್ಬೇಕು ನೋಡ್ರಿ" ಎಂದು ನೆರೆಯವರು ಹೊಗಳಿದರು. ಜನ ನಿಮ್ಮನ್ನು ತಮ್ಮವರೆಂದು ಒಪ್ಪಿಕೊಂಡರೆ ಅರ್ಧ ಕೆಲಸ ಗೆದ್ದಂತೆ ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದರು. ನಾನು ಪೂರ್ತಿ ಗೆದ್ದುಬಿಟ್ಟಿದ್ದೆ! ಹುಲಿಗೆಮ್ಮ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

"ನಿಮ್ಮ ಹಿರಿಯರು ಯಾವಾಗ ಬರ್ತಾರ್ರಿ?" ಎಂದಳು ಈರಮ್ಮ.

ನಮ್ಮ ಹಿರಿಯ ಅಧಿಕಾರಿಗಳು ಬರುವ ಸುದ್ದಿ ಹಳ್ಳಿಗೂ ಮುಟ್ಟಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. "ಬರೋ ಸೋಮವಾರ. ಜೀಪಿನ್ಯಾಗ. ಹೊರದೇಶದವರೊಬ್ಬರೂ ಬರ್ತಾರ."

"ಹೊರದೇಶದಾಗೂ ನಿಮ್ಮ ಬೀಗರು ಅದಾರೇನ್ರಿ!"

ನಾನು ಇದನ್ನು ಹಾಸ್ಯವೆಂದು ತಿಳಿದು ಸಭ್ಯವಾಗಿ ನಕ್ಕೆ. "ಬಂದು ಏನ್ ನೋಡ್ತಾರ್ರಿ?" ಎಂದು ಈರಮ್ಮ ಮತ್ತೆ ಕೇಳಿದಳು.

"ಹುಲಿಗೆಮ್ಮ ನೀರು ತಂದು ಕೊಡಲಿ ಸಾಕು. ಅದನ್ನ ನೋಡ್ತಾರ."

"ಅಷ್ಟನ ಮತ್ತ! ನಮ್ಮಾಗೂ ಹಂಗ ಅದ" ಎಂದಳು ಅಜ್ಜಿ ತೃಪ್ತಿಯಿಂದ.

ಸೋಮವಾರ ಜೀಪು ಊರಿನೊಳಗೆ ಬಂದಾಗ ಈರಮ್ಮನ ಮನೆಯ ಮುಂದೆ ಹಂದರ ಹಾಕಿತ್ತು. ಬಾಗಿಲಿಗೆ ಮಾವಿನ ತೋರಣ. ಕಂಬಳಿ ಹಾಸಿ, ಹಳದಿ ರುಮಾಲು ಸುತ್ತಿದ ಹಿರಿಯರು ಸಾಲಾಗಿ ಕೂತಿದ್ದರು. "ಸಮುದಾಯದ ಭಾಗವಹಿಸುವಿಕೆ ಅದ್ಭುತ!" ಎಂದು ಅಧಿಕಾರಿ ನನ್ನ ಬೆನ್ನು ತಟ್ಟುವುದೊಂದು ಬಾಕಿ. ಹುಲಿಗೆಮ್ಮ ಇಳಕಲ್ ಸೀರೆಯುಟ್ಟು, ತಲೆತುಂಬ ಹೂ ಮುಡಿದು, ತಾಟಿನಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಬಂದಳು. ಕಣ್ಣು ಕೆಂಪಗಿದ್ದವು. ಹೊರದೇಶದ ವೈದ್ಯರು ಒಂದು ಗುಟುಕು ಕುಡಿದು, ಉಪ್ಪಿಲ್ಲವಲ್ಲ ಎಂಬಂತೆ ನನ್ನತ್ತ ನೋಡಿದರು.

ಹುಲಿಗೆಮ್ಮನ ಸೋದರಮಾವ ಗಂಟಲು ಸರಿಪಡಿಸಿಕೊಂಡು ಆ ವೈದ್ಯರನ್ನೇ ಕೇಳಿದ: "ಸಾಹೇಬ್ರ, ನಿಮ್ದು ಯಾವ ಬೆಡಗು?"

ವೈದ್ಯರು ಅಧಿಕಾರಿಯನ್ನು ನೋಡಿದರು. ಅಧಿಕಾರಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಅಜ್ಜಿ ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ, ನಲವತ್ತು ದಾಟಿದ ಡ್ರೈವರನತ್ತ ಬೆರಳು ಮಾಡಿ ಕೂಗಿದಳು: "ಹುಡುಗ ಇಂವನೇನು ಬೇ? ಇಷ್ಟ್ಯಾಕ ವಯಸ್ಸಾಗ್ಯದ?"

ಡ್ರೈವರ್ ಬೀಡಿ ಎಸೆದು ಜೀಪಿನೊಳಗೆ ಹತ್ತಿ ಬಾಗಿಲು ಹಾಕಿಕೊಂಡ.

ನಾನು ವಿವರಿಸಿದೆ. ಭೇದಿಯಿಂದ ಹಿಡಿದು ಬಂಧುತ್ವದ ನಕ್ಷೆಯವರೆಗೆ ಎಲ್ಲವನ್ನೂ ವಿವರಿಸಿದೆ. ಜೀವನದಲ್ಲಿ ಅಷ್ಟು ಮಾತನ್ನು ನಾನು ಒಮ್ಮೆಲೇ ಆಡಿದ್ದು ಅದೇ ಮೊದಲು, ಅದೇ ಕೊನೆ.

"ಹಂಗಾರ ಬೆಡಗು ಕೇಳಿದ್ದು?" ಎಂದ ಸೋದರಮಾವ.

"ಅಭ್ಯಾಸಕ್ಕ."

"ಎಲ್ಲಾರ ಬಾಯಾಗೂ ಸಕ್ರಿ ಹಾಕಿದ್ದು?"

"ರುಚಿಗೆ."

"ಉಡಿ ತುಂಬಿದ್ದು?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಗಂಡಿನ ಕಡೆಯವರು ಬೆಡಗು ವಿಚಾರಿಸಿ, ಮನೆಯವರಿಗೆಲ್ಲ ಸಕ್ಕರೆ ತಿನಿಸಿ, ಹುಡುಗಿಯ ಉಡಿಯಲ್ಲಿ ಕಾಯಿ, ಖಣ ಇಟ್ಟರೆ ಮಾತು ಮುಗಿಯಿತು. ಅದಕ್ಕೆ ಸಕ್ರಿ ಶಾಸ್ತ್ರ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂದಿತ್ತು. ನಾನು ಬಹಳ ಚೆನ್ನಾಗಿ ಉತ್ತರಿಸಿದ್ದೆ!

ಈರಮ್ಮ ಬೈದಿದ್ದರೆ ಒಳ್ಳೆಯದಿತ್ತು. ಅವಳು ಹಂದರದ ಕಂಬ ಹಿಡಿದು ಇಷ್ಟೇ ಅಂದಳು: "ಶಾಸ್ತ್ರ ಓದಿದಾಕಿ ಸುಮ್ಮ ಸುಮ್ಮನ ಉಡಿ ತುಂಬ್ತಾಳೇನು ಅಂದ್ಕೊಂಡಿವಿ. ಜಾಲಹಳ್ಳಿಯವರಿಗೆ ನಿನ್ನೆನ ಇಲ್ಲಂತ ಹೇಳಿ ಕಳಿಸೀವಿ."

ಹುಲಿಗೆಮ್ಮ ತಾಟು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಖಾಲಿ ಲೋಟಗಳನ್ನು ಒಂದೊಂದಾಗಿ ತಾಟಿಗೆ ಇಟ್ಟುಕೊಂಡು ಒಳಗೆ ಹೋದಳು.

ಮನೆಗೆ ಬಂದು ಹೇಳಿದಾಗ ಅವ್ವ ಹಣೆ ಹಣೆ ಬಡಿದುಕೊಂಡಳು. "ನಿಮ್ಮಣ್ಣಗ ಹೆಣ್ಣು ಗೊತ್ತಾಗಿ ಎಷ್ಟು ವರ್ಷಾತು! ಒಂದು ಮಾತು ಬಾಯಿ ಬಿಟ್ಟು ಹೇಳಬಾರದೇನು?"

"ಅವರು ಕೇಳಲಿಲ್ಲವ್ವಾ."

"ಕೇಳಿದ್ದಕ್ಕಷ್ಟ ಹೇಳಾಕ ನೀ ಏನ್ ಕೋರ್ಟಿನಾಗ ನಿಂತಿದ್ದೇನು?"

ಆದದ್ದನ್ನು ಸರಿಪಡಿಸಲೇಬೇಕಿತ್ತು. ಮರುದಿನವೇ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಈ ಸಲ ಬಹಳ ಎಚ್ಚರ ವಹಿಸಿದ್ದೆ. ಸಕ್ಕರೆ ಮುಟ್ಟಲಿಲ್ಲ. ಕಾಯಿ ಇಲ್ಲ, ಖಣ ಇಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಬಸ್ಸು ಇಳಿದಲ್ಲಿ ಒಂದಿಷ್ಟು ಎಲೆ ಅಡಿಕೆ ಮಾತ್ರ ಕಟ್ಟಿಸಿಕೊಂಡೆ.

ಮಾಸ್ತರನ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎಲೆ ಅಡಿಕೆಯನ್ನು ಅವಳ ಮುಂದಿಟ್ಟೆ. ಅವಳು ಎಲೆ ನೋಡಿದಳು, ಅಡಿಕೆ ನೋಡಿದಳು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲಿ ಅಡಿಕಿ ತಂದೀದಿ. ಹಿರಿಯರು ಎಲ್ಲಿ?"

"ಯಾರೂ ಬಂದಿಲ್ರಿ. ನಾನೊಬ್ಬಾಕೆನ."

"ನಿನ್ನ ಸಂಬಂಧ ಮಾತಾಡಾಕ ನೀನ ಬಂದೇನು! ಭಾರೀ ಗಟ್ಟಿಗಿತ್ತಿ ಬಿಡು. ಯಾವ ಬೆಡಗು?"

"ಬಂಡಿ ಬೆಡ..." ಎಂದು ಬಾಯಿಂದ ಬಂದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ. ಅಳುವಷ್ಟು ನಾಚಿಕೆಯಾಗಿ, ಹುಲಿಗೆಮ್ಮನ ಕಥೆಯನ್ನೆಲ್ಲ ಹೇಳಿದೆ. ತಪ್ಪು ಅವರದಲ್ಲ, ನನ್ನದು ಎಂದೆ. ಅವಳು ಮೊರ ಪಕ್ಕಕ್ಕಿಟ್ಟು ಕೇಳಿದಳು. ಕೇಳಿ ನಿಟ್ಟುಸಿರು ಬಿಟ್ಟಳು.

"ಹುಡುಗಿ ನಮ್ಮ ಹುಡುಗಗೂ ಮನಸ್ಸಿಗೆ ಬಂದಿದ್ಲವ್ವಾ. ಆದ್ರ ಬ್ಯಾಡಂದ ಮ್ಯಾಲ ನಾವ್ ಬಾಗಲಾ ಕಾಯಾಕ ಆಕ್ಕದೇನು? ಇವತ್ತ ಮುಂಜಾನೆ ದೇವದುರ್ಗದಾಗ ಸಕ್ರಿ ತಿಂದು ಬಂದೀವಿ."

ಎದ್ದು ನಿಂತೆ. ಹೊರಡುವಾಗ ಅವಳು ಸಮಾಧಾನ ಹೇಳುವವಳಂತೆ ನನ್ನ ಕೈ ಹಿಡಿದಳು: "ನಮ್ಮ ಸಣ್ಣ ಮಗ ಇನ್ನಾ ಅದಾನ. ಎಲಿ ಅಡಿಕಿ ಇಲ್ಲೇ ಇರಲೇನು?"

ಬಸ್ ನಿಲ್ದಾಣದವರೆಗೆ ನಾನು ನಡೆಯಲಿಲ್ಲ, ಓಡಿದೆ.

ಬಾಗಲವಾಡದಲ್ಲಿ ಯೋಜನೆ ಯಶಸ್ವಿಯಾಯಿತೆಂದು ದಾಖಲಾಯಿತು. ಸಕ್ಕರೆ ನೀರನ್ನು ಯಾರೂ ಮರೆಯಲಿಲ್ಲ. ಮರೆಯುವುದಾದರೂ ಹೇಗೆ! ಹುಲಿಗೆಮ್ಮನನ್ನು ಚೀಕಲಪರ್ವಿಗೆ ಕೊಟ್ಟರೆಂದು ಆಮೇಲೆ ಕೇಳಿದೆ. ಮದುವೆಗೆ ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಹೋಗುವ ಧೈರ್ಯ ನನಗೂ ಇರಲಿಲ್ಲ.

ನಾಲ್ಕೈದು ವರ್ಷಗಳ ನಂತರ ಒಮ್ಮೆ ಮಾನ್ವಿಯ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ "ಅಕ್ಕಾರ!" ಎಂಬ ದನಿ ಕೇಳಿತು. ಹುಲಿಗೆಮ್ಮ. ಸೊಂಟದ ಮೇಲೆ ಒಂದು ದುಂಡು ಗಂಡುಕೂಸು. ನಾನು ಬೆಂಚಿನ ತುದಿಗೆ ಸರಿದು ಜಾಗ ಮಾಡಿದೆ. ಏನು ಮಾತಾಡಬೇಕೆಂದು ತಿಳಿಯದೆ ಟ್ರೇನಿಂಗಿನ ಮಾತು ಕೇಳಿಬಿಟ್ಟೆ.

"ಅದೆಲ್ಲಿ ಆಗ್ತದ್ರಿ. ಮನ್ಯಾಗ ಹೊಲದ ಕೆಲಸ ಭಾಳ" ಎಂದಳು. ಕೂಸಿನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು: "ಆದ್ರ ನಿಮ್ಮ ಸಕ್ರಿ ನೀರು ನಮ್ಮ ಓಣಿಗೆಲ್ಲಾ ಕಲಿಸೀನ್ರಿ. ಹೊಳಿ ದಂಡಿ ಊರು, ಕೂಸುಗೋಳಿಗೆ ಭೇದಿ ಜಾಸ್ತಿ. ಎಲ್ಲಾರೂ ನನ್ನ ಟೀಚರಮ್ಮಾ ಅಂತಾರ, ಚ್ಯಾಷ್ಟಿಗೆ."

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಕ್ಷಮಿಸು ಎನ್ನುವ ಬದಲು, ಮಗುವಿನ ಕೈಗೆ ಏನಾದರೂ ಕೊಡೋಣವೆಂದು ಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಸಕ್ಕರೆಯ ಪೊಟ್ಟಣ. ಕೆಂಡ ಮುಟ್ಟಿದಂತೆ ಕೈ ಹಿಂದಕ್ಕೆ ತೆಗೆದೆ. ಆ ಮುಜುಗರ ಮುಚ್ಚಿಕೊಳ್ಳಲು ಏನೋ ಒಂದು ಮಾತು ಬೇಕಿತ್ತು. ನನಗೆ ಬರುವುದು ಒಂದೇ ಮಾತು.

"ನಿನ್ನ ಗಂಡನ ಮನಿಯವರದು... ಯಾವ ಬೆಡಗು?"

ಹುಲಿಗೆಮ್ಮ ಕೂಸನ್ನು ಫಕ್ಕನೆ ಎದೆಗೆ ಅವಚಿಕೊಂಡು ನನ್ನಿಂದ ಆಚೆ ಸರಿದಳು.

"ಯಕ್ಕಾ, ಬ್ಯಾಡ್ರಿ! ಇಂವಾ ಇನ್ನಾ ಸಣ್ಣಾಂವ ಅದಾನ!"