ಪಕ್ಕದ ಮನೆಯ ಕರೆಂಟು

ಅಂಗಡಿಯವನು ದೊಡ್ಡದನ್ನೇ ಕೊಳ್ಳಿ ಎಂದಿದ್ದೇ ತಪ್ಪಾಯಿತು. ಇನ್ನೂ ಕಟ್ಟದ ಕಟ್ಟಡಗಳಿಗೆ ಕಂಪ್ಯೂಟರಿನಲ್ಲಿ ಜೀವ ತುಂಬಿ ಬಿಲ್ಡರುಗಳಿಗೆ ವಿಡಿಯೊ ಮಾಡಿಕೊಡುವ ನಮ್ಮ ಗೂಬೆಗೆ, ಯಾರಾದರೂ ಒಳ್ಳೆಯ ಮಾತು ಹೇಳಿದರೆ ಮೊದಲು ಹುಟ್ಟುವುದು ಅನುಮಾನ. ಹಗಲಿಡೀ ಪರದೆಯೆದುರು ಕಣ್ಣರಳಿಸಿ ಕೂರುತ್ತಿದ್ದುದರಿಂದ ಅಕ್ಕಪಕ್ಕದವರು ಇಟ್ಟ ಹೆಸರದು.

“ನಾಲ್ಕು ಗ್ರಾಫಿಕ್ಸ್ ಕಾರ್ಡು ಸಾರ್. ನಾಲ್ಕೂ ಒಟ್ಟಿಗೆ ಬಾಯಿ ತೆರೆದ್ರೆ ಈ ಪುಟಾಣಿ ಪವರ್ ಸಪ್ಲೈ ಯಾವ ಮೂಲೆಗೂ ಸಾಲಲ್ಲ.”

“ನಿಮಗೆ ದೊಡ್ಡದು ಮಾರಬೇಕು, ಅಷ್ಟೇ ತಾನೇ?” ಎಂದು ಗೂಬೆ ಪುಟಾಣಿಯನ್ನೇ ಹೊತ್ತು ತಂದ.

ಸಂಜೆಯೊಳಗೆ ಬಿಲ್ಡರೊಬ್ಬನಿಗೆ ವಿಡಿಯೊ ಹೋಗಬೇಕು. ಇಲ್ಲದಿದ್ದರೆ ಕೆಲಸ ಇನ್ನೊಬ್ಬನ ಪಾಲು. ಗುಂಡಿ ಒತ್ತಿದ. ಫ್ಯಾನುಗಳು ಭರ್ರೆಂದವು. ಮರುಕ್ಷಣ ಕಂಪ್ಯೂಟರು ಮಾವನಿಂದ ಬೈಸಿಕೊಂಡ ಅಳಿಯನ ಹಾಗೆ ಮುಖ ಕಪ್ಪಿಟ್ಟುಕೊಂಡಿತು.

ಫೋನಿನಲ್ಲಿ ಅಂಗಡಿಯವನು ನಕ್ಕ. “ಬಡ್ಕೊಂಡೆ ನಾನು! ಇನ್ನೊಂದು ತಗೊಂಡು ಹೋಗಿ. ಎರಡೆರಡು ಕಾರ್ಡಿಗೆ ಒಂದೊಂದು.”

ಈ ಸಲ ಕಂಪ್ಯೂಟರು ಬದುಕಿತು, ಮನೆಯೇ ಸತ್ತಿತು. ಹಳೆಯ ಲೈನು ಅಷ್ಟು ಹೊರೆ ತಡೆಯದೆ ಫ್ಯೂಸು ಹಾರಿತ್ತು.

“ಫ್ಯೂಸು ಕಟ್ಟಿ, ಅರ್ಧ ಹೊರೆ ಬೇರೆ ಲೈನಿಗೆ ಹಾಕಿ ಸಾರ್,” ಎಂದ ಅಂಗಡಿಯವನು ಮತ್ತೆ ಫೋನಿನಲ್ಲಿ.

ಬೇರೆ ಲೈನು ಇದ್ದದ್ದು ಪಕ್ಕದ ಮನೆಯಲ್ಲಿ. ಅಲ್ಲಿದ್ದವರು ನಿವೃತ್ತ ಆಡಿಟರು. ಅನುಮಾನದಲ್ಲಿ ಗೂಬೆಗೇ ಗುರು.

“ಕರೆಂಟಾ? ಯಾಕಪ್ಪಾ, ನೋಟು ಪ್ರಿಂಟ್ ಮಾಡ್ತೀಯಾ?”

“ಬರೀ ಚಿತ್ರ ಅಂಕಲ್. ಬಿಲ್ಲು ನಾನೇ ಕಟ್ತೀನಿ.”

“ಕೇಳೋಕೆ ಮುಂಚೆ ಕಟ್ತೀನಿ ಅನ್ನೋರನ್ನ ನಂಬಲೇಬಾರದು!”

“ಕೊಡ್ರೀ ಪಾಪ, ಮುಖ ನೋಡಿ,” ಒಳಗಿಂದ ಹೆಂಡತಿಯ ದನಿ ಬಂತು.

“ಸರಿ. ಆದ್ರೆ ನನ್ನ ಕರೆಂಟು ಏನು ಮಾಡತ್ತೋ ನಾನೇ ಕೂತು ನೋಡ್ತೀನಿ.”

ಬಾಲ್ಕನಿಯಿಂದ ಬಾಲ್ಕನಿಗೆ ವಯರು ಬಂತು. ಹಿಂದೆಯೇ ಕುರ್ಚಿ ಹೊತ್ತು ಆಡಿಟರೂ ಬಂದರು. ನಾಲ್ಕೂ ಕಾರ್ಡು ಗುಟುರು ಹಾಕಿದವು. ಪರದೆಯಲ್ಲಿ ಗೋಪುರ ಮಹಡಿ ಮಹಡಿಯಾಗಿ ಎದ್ದಿತು.

“ಎಷ್ಟು ಮಹಡಿ?”

“ಇಪ್ಪತ್ತೆರಡು.”

“ಭೇಷ್! ನನ್ನ ಕರೆಂಟು ಅಂದ್ರೆ ಸುಮ್ನೇನಾ!” ಆಡಿಟರು ಮೀಸೆ ತಿರುವಿದರು.

ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ಗೋಪುರದ ಹಿಂದಕ್ಕೆ ಸುತ್ತಿತು. ಸೈಟು ಎಲ್ಲಿದೆಯೆಂದು ಬಿಲ್ಡರು ಹೇಳಿರಲಿಲ್ಲ; ಸೈಟಿನ ಹಿಂಬದಿಯ ಬೀದಿಯ ಫೋಟೊ ಕಳಿಸಿದ್ದ, ಗೂಬೆ ನೋಡದೆ ಅಂಟಿಸಿದ್ದ. ಗೋಪುರದ ನೆರಳಿನಲ್ಲಿ ಒಂದು ಕುಳ್ಳ ಕಟ್ಟಡ, ಅದರ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ.

“ಆ ಪಟ್ಟೆ ಪೈಜಾಮ ನಂದು,” ಎಂದರು ಆಡಿಟರು ಮೆಲ್ಲಗೆ.

ಗೂಬೆ ಕಣ್ಣುಜ್ಜಿಕೊಂಡ. ಪೈಜಾಮದ ಪಕ್ಕದ ಕಿಟಕಿ ಅವನದೇ.

“ಅಂಕಲ್, ಇನ್ನೆರಡೇ ನಿಮಿಷ…”

“ನನ್ನ ಬಿಸಿಲು ಮುಚ್ಚೋಕೆ ನನ್ನದೇ ಕರೆಂಟಾ?” ಆಡಿಟರು ವಯರು ಕಿತ್ತು, ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕುರ್ಚಿ ಸಮೇತ ಹೊರಟೇ ಹೋದರು. ಇಪ್ಪತ್ತೆರಡು ಮಹಡಿಯೂ ಒಂದೇ ಏಟಿಗೆ ಮಾಯ.

ಅಷ್ಟರಲ್ಲಿ ಬಿಲ್ಡರನ ಫೋನು. “ಆಯ್ತೇನ್ರೀ?”

“ಕರೆಂಟು ಹೋಯ್ತು ಸಾರ್…”

“ಯಾರಿಗ್ರೀ ಕತೆ ಹೇಳ್ತೀರಿ? ನಿಮ್ಮೆದುರಿನ ಸೈಟಲ್ಲೇ ನಿಂತಿದ್ದೀನಿ. ಪಕ್ಕದ ಮನೇಲಿ ಈಗ ತಾನೇ ಲೈಟು ಹಾಕಿದ್ರಲ್ರೀ!”