ತೋಳುಗಳ ವರ್ಗೀಕರಣ

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯತ್ತ ಹೊರಟ ಕೃಷ್ಣಾನಂದನ ಅಂಗಾಲಿಗೆ ಗುಂಡುಪಿನ್ನೊಂದು ಚುಚ್ಚಿತು. ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತು ಅದನ್ನು ಕೀಳುವಾಗ ಅರ್ಧ ಕಾಫಿ ಚೆಲ್ಲಿತು. ಉಳಿದರ್ಧ ಹಿಡಿದು ಕುಂಟುತ್ತ ಕಿಟಕಿ ಸೇರುವಷ್ಟರಲ್ಲಿ ಮೆಟ್ರೋ ಬಂದು ಹೋಗಿಬಿಟ್ಟಿತ್ತು.

ಕಲೂರಿನ ಆ ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಅವನಿಗೆ ಇದ್ದ ಒಂದೇ ಸುಖ ಆ ಕಿಟಕಿ. ಮೆಟ್ರೋ ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಹಾದುಹೋಗುತ್ತಿತ್ತು. ಒಳಗಿನ ಜನ ಗಾಜಿನ ತೊಟ್ಟಿಯ ಮೀನುಗಳಂತೆ ಬಾಯಿ ಆಡಿಸುತ್ತ ಎರ್ನಾಕುಲಂ ಕಡೆಗೆ ತೇಲಿಹೋಗುವುದನ್ನು ಆರಾಮಕುರ್ಚಿಯಲ್ಲಿ ಕೂತು ನೋಡಬೇಕೆಂಬುದು ಅವನ ಆಸೆ. ಕುರ್ಚಿ ಕೊಂಡು ಎರಡು ವರ್ಷವಾಗಿತ್ತು. ಅದು ಮಂಚದಡಿಯಲ್ಲಿ ಮಡಚಿಕೊಂಡು ಮಲಗಿತ್ತು, ಏಕೆಂದರೆ ಕಿಟಕಿಯ ಪಕ್ಕ ಹೆಂಡತಿ ಕುಸುಮಾವತಿಯ ಹೊಲಿಗೆ ಮಷೀನು ಇತ್ತು.

ಮಷೀನು ಮಾತ್ರ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಅದರ ಸುತ್ತ ಒಂದು ಸಂಸ್ಥಾನವೇ ಬೆಳೆದಿತ್ತು. ಅಳತೆ ಟೇಪು ಫ್ಯಾನಿನ ರೆಗ್ಯುಲೇಟರಿಗೆ ನೇತಾಡುತ್ತಿತ್ತು. ಬಾಬಿನ್‌ಗಳು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕೂತಿದ್ದವು. ಸೂಜಿಗಳು ಗೋಡೆಯ ಕ್ಯಾಲೆಂಡರಿನಲ್ಲಿ, ಗುಂಡಿಗಳು ಉಪ್ಪಿನಕಾಯಿ ಜಾಡಿಯಲ್ಲಿ, ಗುಂಡುಪಿನ್ನುಗಳು ನೆಲದ ಮೇಲೆ. ಇವೆಲ್ಲದರ ಮಧ್ಯೆ ಕತ್ತರಿಸಿಟ್ಟ ಹಸಿರು ಬಟ್ಟೆಯ ಹತ್ತು ಗಂಟುಗಳು. ನಾಳೆ ಅಪಾರ್ಟ್‌ಮೆಂಟಿನ ಓಣಂ. ಕಟ್ಟಡದ ಹತ್ತು ಹೆಂಗಸರು ಒಂದೇ ಬಣ್ಣದ ಬ್ಲೌಸು ತೊಟ್ಟು ದೀಪದ ಸುತ್ತ ತಿರುವಾದಿರ ಕುಣಿಯುವವರಿದ್ದರು. ಹೊಲಿಯುವ ಹೊಣೆ ಕುಸುಮಾವತಿಯದು.

ಹಿಂದಿನ ದಿನ ಊಟದ ಹೊತ್ತಿನಲ್ಲಿ ಕಿಟಕಿಯ ಮಾತು ಬಂದಾಗ ಅವಳು ಹೇಳಿದ್ದಳು: "ಜಾಗ ಎಲ್ಲಿದೆ ಅಂತ ಕೇಳ್ತೀರಲ್ಲ, ನೀವೇ ಉಳಿಸಿ ತೋರ್ಸಿ. ಉಳಿದ ಜಾಗ ನಿಮ್ದು. ನಾನು ತಕರಾರು ಮಾಡಲ್ಲ."

ಬೆಳಿಗ್ಗೆ ಎದ್ದವಳೇ ಎರಡು ದೊಡ್ಡ ಚೀಲ ಹಿಡಿದು, ತಂಗಿ ಹಂಸಾಳನ್ನು ನೋಡಿಕೊಂಡು ಸಂಜೆಗೆ ಬರುತ್ತೇನೆಂದು ತಿರುವನಂತಪುರದ ರೈಲು ಹತ್ತಿದ್ದಳು. ಹಂಸಾಳ ಗಂಡ ಅಲ್ಲಿ ಬಾಹ್ಯಾಕಾಶ ವಿಜ್ಞಾನಿ. ಕೃಷ್ಣಾನಂದ ಅಂಗಾಲು ಉಜ್ಜಿಕೊಂಡು ಮೂಲೆಯನ್ನು ನೋಡಿದ. ಇಡೀ ದಿನ ಅವನ ಕೈಯಲ್ಲಿತ್ತು.

ವಿಂಗಡಿಸುವುದು ಅವನಿಗೆ ಹೊಸದೇನಲ್ಲ. ಅವನು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಅಧಿಕಾರಿ. ಬಂದರಿಗೆ ಬಂದ ಸರಕು ಯಾವ ತಲೆಬರಹಕ್ಕೆ ಸೇರುತ್ತದೆಂದು ಹೇಳುವುದು ಅವನ ಕೆಲಸ. ಪ್ಲಾಸ್ಟಿಕ್ಕಿನ ತಾವರೆ ಹೂವೋ, ಆಟಿಕೆಯೋ, ಪ್ಲಾಸ್ಟಿಕ್ಕೋ ಎಂದು ಒಂದು ವಾರ ಯೋಚಿಸಬಲ್ಲವನು. ಎಲ್ಲಿಯೂ ಸೇರದ ವಸ್ತುಗಳಿಗೆ ಕೊನೆಯಲ್ಲಿ 'ಇತರೆ' ಎಂಬ ತಲೆಬರಹ ಇರುತ್ತದೆ. ಒಂದು ವಸ್ತುವನ್ನು 'ಇತರೆ'ಗೆ ತಳ್ಳುವುದು ಅಧಿಕಾರಿಯ ಸೋಲು ಎಂಬುದು ಅವನ ಸಿದ್ಧಾಂತ.

ಮೊದಲು ರಟ್ಟು ತಂದು, ಕೈಗೆ ಸಿಕ್ಕ ದೊಡ್ಡ ಕತ್ತರಿಯಿಂದ ಚೀಟಿಗಳನ್ನು ಕತ್ತರಿಸಿದ. ಕತ್ತರಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. 'ದಾರ', 'ಗುಂಡಿ', 'ಸೂಜಿ', 'ಅಳತೆ ಸಾಧನ' ಎಂದು ದುಂಡಗೆ ಬರೆದ. ದಾರದ ಉರುಳೆಗಳು ಕಾಮನಬಿಲ್ಲಿನ ಕ್ರಮದಲ್ಲಿ ನಿಂತವು. ಗುಂಡಿಗಳು ಎರಡು ಕಣ್ಣಿನವು, ನಾಲ್ಕು ಕಣ್ಣಿನವು, ಕುರುಡು ಎಂದು ಬೇರೆಯಾದವು.

ನಂತರ ಹಸಿರು ಗಂಟುಗಳ ಸರದಿ. ಒಂದನ್ನು ಬಿಚ್ಚಿದ: ಎರಡು ತೋಳು, ಒಂದು ಬೆನ್ನು, ಎರಡು ಮುಂಭಾಗ. ಇನ್ನೊಂದನ್ನು ಬಿಚ್ಚಿದ: ಅದರಲ್ಲೂ ಅದೇ. ಬೇರೆ ಬೇರೆ ಸರಕನ್ನು ಒಂದೇ ಪೊಟ್ಟಣದಲ್ಲಿ ಸೇರಿಸಿದ್ದಾರಲ್ಲ ಎಂದು ಅವನೊಳಗಿನ ಅಧಿಕಾರಿ ನೊಂದುಕೊಂಡ. ಹತ್ತೂ ಗಂಟು ಬಿಚ್ಚಿ ತೋಳುಗಳನ್ನೆಲ್ಲ ಒಂದು ಡಬ್ಬಕ್ಕೆ, ಬೆನ್ನುಗಳನ್ನೆಲ್ಲ ಇನ್ನೊಂದಕ್ಕೆ, ಮುಂಭಾಗಗಳನ್ನು ಮೂರನೆಯದಕ್ಕೆ ತುಂಬಿ ಚೀಟಿ ಅಂಟಿಸಿದ.

ಆಗ ಬಂದವನು ಎದುರು ಫ್ಲ್ಯಾಟಿನ ವೀರಭದ್ರ, ಹುಬ್ಬಳ್ಳಿಯವನು, ಬ್ಯಾಂಕಿನ ಮ್ಯಾನೇಜರು. ಅವನ ಬಳಿ ಒಂದು ಡ್ರಿಲ್ ಮಷೀನು ಇತ್ತು. ಬೇರೆಯವರ ಗೋಡೆ ಕಂಡರೆ ಅವನ ಕೈ ಕಡಿಯುತ್ತಿತ್ತು.

"ಏನ್ರೀ ಸರ, ಡಬ್ಬಿ ಎಲ್ಲಾ ನೆಲದ ಮ್ಯಾಲೆ ಇಟ್ರ ಜಾಗಾ ಹೆಂಗ ಉಳೀತದ? ಗ್ವಾಡಿಗೆ ಹಲಗಿ ಹೊಡೀರಿ. ತಡೀರಿ, ಡ್ರಿಲ್ ತರ್ತೀನಿ."

"ಬೇಡ ವೀರಭದ್ರ, ಗೋಡೆ ಬಾಡಿಗೆಯದು."

"ಗ್ವಾಡಿ ಬಾಡಿಗೀದು, ತೂತು ನಂದು. ನೀವ್ಯಾಕ ಚಿಂತಿ ಮಾಡ್ತೀರಿ?"

ಡ್ರಿಲ್ ಹಲ್ಲಿನ ಡಾಕ್ಟರಂತೆ ಕಿರುಗುಟ್ಟಿತು. ಒಂದು ತೂತಿನಲ್ಲಿ ಮಾತ್ರ ಅದು ಇದ್ದಕ್ಕಿದ್ದಂತೆ ಹಿಡಿಯವರೆಗೂ ಒಳಗೆ ಹೋಯಿತು. "ಗ್ವಾಡಿ ಮೆತ್ತಗದ," ಎಂದು ವೀರಭದ್ರ ಆ ತೂತಿಗೆ ದಪ್ಪ ಮೊಳೆ ತುರುಕಿದ. ಹಲಗೆ ಏರಿತು, ಡಬ್ಬಗಳು ಏರಿದವು, ಕತ್ತರಿಗಳು ಕೊಕ್ಕೆಗೆ ನೇತುಬಿದ್ದವು. ಮಷೀನಿನ ಪಕ್ಕ ಕಿಟಕಿಯ ಕೆಳಗೆ ಖಾಲಿ ನೆಲ ಕಾಣಿಸಿತು. ಆ ನೆಲದ ಬಣ್ಣ ಯಾವುದೆಂಬುದನ್ನೇ ಕೃಷ್ಣಾನಂದ ಮರೆತಿದ್ದ.

ಮಂಚದಡಿಯಿಂದ ಕುರ್ಚಿ ಹೊರಬಂತು. ಕೂತ. ಮೆಟ್ರೋ ಬಂತು. ಒಳಗೊಬ್ಬ ಮುದುಕ ಬಾಳೆಹಣ್ಣು ಸುಲಿಯುತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಇಷ್ಟು ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳಲಾರದೆ ಅವನು ಎದ್ದು, ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಖಾಲಿ ಮೂಲೆಯ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ. ಅಡಿಬರಹ: 'ಉದ್ದ ಮೂರೂವರೆ ಅಡಿ ಉಳಿತಾಯ.'

ಹಂಸಾಳ ಉತ್ತರ ತಕ್ಷಣ ಬಂತು: 'ಸೂಪರ್ ಭಾವ. ಅಗಲ ಎಷ್ಟು?'

ತನ್ನ ಕೆಲಸವನ್ನು ಇಷ್ಟು ಸೂಕ್ಷ್ಮವಾಗಿ ಮೆಚ್ಚುವವಳು ಕುಟುಂಬದಲ್ಲಿ ಒಬ್ಬಳಾದರೂ ಇದ್ದಾಳಲ್ಲ ಎಂದು ಅವನು ಟೇಪು ಹಿಡಿದು ಅಳೆದು ಬರೆದ: 'ಧಾರಾಳ ಎರಡಡಿ.' ಹಂಸಾ ಮೂರು ಕೆಂಪು ಹೃದಯ ಕಳಿಸಿದಳು.

ಅವನು ಮತ್ತೆ ಕುರ್ಚಿಯಲ್ಲಿ ಕೂತು ಇನ್ನೊಂದು ಮೆಟ್ರೋಗೆ ಕಾಯುತ್ತಿದ್ದಾಗ ಬಾಗಿಲಲ್ಲಿ ಪ್ರೇಮ ಚೇಚಿ ನಿಂತಿದ್ದರು. ಗೋಡೆಯ ಆಚೆಯ ಫ್ಲ್ಯಾಟಿನವರು, ಕಟ್ಟಡಕ್ಕೆಲ್ಲ ಅಕ್ಕ, ತಿರುವಾದಿರ ತಂಡದ ನಾಯಕಿ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತಿದ್ದರಿಂದ ಅವರ ಕನ್ನಡಕ್ಕೆ ಬಟ್ಟೆ ಮಂಗಳೂರಿನದು, ಗುಂಡಿಗಳು ಮಲಯಾಳದವು. ಗುಂಡೇಟು ತಿಂದ ಅಂಗಿಯನ್ನು ಕೋರ್ಟಿಗೆ ತಂದ ವಕೀಲರಂತೆ ಕೈಯಲ್ಲಿ ಒಂದು ಕ್ಯಾಲೆಂಡರ್ ಹಿಡಿದಿದ್ದರು.

"ಎಂದಾ ಸಾರೇ ಇದು? ನಾನು ಹೂ ತರಲಿಕ್ಕೆ ಮಾರ್ಕೆಟಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಗೋಡೆಯಿಂದ ಒಂದು ಮೊಳೆ ಮೂಗು ಹಾಕಿದೆ ಮಾರಾಯ್ರೆ. ನೋಡಿ, ತಿರುವೋಣವೇ ಹೋಯ್ತು."

ಕ್ಯಾಲೆಂಡರಿನಲ್ಲಿ ಹಬ್ಬದ ತಾರೀಖು ಇದ್ದ ಜಾಗದಲ್ಲಿ ದುಂಡನೆಯ ತೂತು ಇತ್ತು. ವೀರಭದ್ರ ಡ್ರಿಲ್ಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಕ್ಷಮೆ ಕೇಳಿ ಮುಗಿಯುವಷ್ಟರಲ್ಲಿ ಚೇಚಿಯ ಕಣ್ಣು ಹಲಗೆಯ ಮೇಲೆ ಬಿತ್ತು. "ಕುಸುಮಂ ನಮ್ಮ ಬ್ಲೌಸ್ ಹೊಲಿದು ಆಯ್ತಾ? ಇದರಲ್ಲಿ ನಂದು ಯಾವುದು?"

"ಈ ಡಬ್ಬದಲ್ಲಿ ತೋಳುಗಳಿವೆ," ಎಂದ ಕೃಷ್ಣಾನಂದ ಹೆಮ್ಮೆಯಿಂದ.

"ಯಾರ ತೋಳು?"

"ಎಲ್ಲರ ತೋಳು."

ಚೇಚಿ ಡಬ್ಬದೊಳಗೆ ಇಣುಕಿದರು. ಇಪ್ಪತ್ತು ಹಸಿರು ತೋಳುಗಳು ಗುರುತಿಲ್ಲದೆ ಒಂದರ ಮೇಲೊಂದು ಮಲಗಿದ್ದವು. ಪಕ್ಕದ ಡಬ್ಬದಲ್ಲಿ ಹತ್ತು ಬೆನ್ನುಗಳು. ಚೇಚಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಕಿಟಕಿಯ ಪಕ್ಕದಲ್ಲಿ ಆ ಕುರ್ಚಿ ಮತ್ತೆ ಕೃಷ್ಣಾನಂದನಿಗೆ ಸಿಗಲಿಲ್ಲ.

"ಸಾರೇ, ಒಂದೊಂದು ಗಂಟು ಒಬ್ಬೊಬ್ಬರದು. ಹತ್ತು ಹೆಂಗಸರನ್ನು ನೀವು ಕಲಸಿಬಿಟ್ಟಿದ್ದೀರಿ, ಅವಿಯಲ್ ಥರ."

ಕೃಷ್ಣಾನಂದ ಬೆನ್ನುಗಳ ಡಬ್ಬವನ್ನು ಎದೆಗಪ್ಪಿಕೊಂಡ. ಕುಸುಮಾವತಿ ಸಂಜೆ ಬಂದು ಈ ಗಂಟುಗಳನ್ನೇ ಹೊಲಿಯುವವಳು. ಕುರ್ಚಿ ಹಾಗಿರಲಿ, ಇನ್ನು ಈ ಮನೆಯಲ್ಲಿ ಅವನಿಗೆ ಚಾಪೆಯೂ ಸಿಗುವುದು ಅನುಮಾನವಾಗಿತ್ತು.

"ಎಲ್ಲರನ್ನೂ ಕರೀತೇನೆ," ಎಂದರು ಚೇಚಿ. "ಅವರವರ ತೋಳು ಅವರೇ ಗುರುತಿಸಲಿ."

ಅರ್ಧ ಗಂಟೆಯಲ್ಲಿ ಮನೆ ಹೆಂಗಸರಿಂದ ತುಂಬಿತು. ಯಾರೋ ಬಾಳೆಹಣ್ಣಿನ ಪಳಂಪೊರಿ ಕರಿದು ತಂದರು. ಹೊಲಿಯದ ತೋಳನ್ನು ರಟ್ಟೆಗೆ ಸುತ್ತಿ, ಪಿನ್ನು ಚುಚ್ಚಿ, ಸರಿಹೋಯಿತೆ ಎಂದು ನೋಡುವುದು ಕ್ರಮ. ಆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ವಿಚಿತ್ರ ಬೆಳಕಿಗೆ ಬಂತು. ಅಲ್ಲಿದ್ದ ಸಣ್ಣ ತೋಳುಗಳು ಮೂರು ಜೊತೆ. ಅವು ತಮ್ಮವೆಂದವರು ಒಂಬತ್ತು ಜನ. ದೊಡ್ಡ ತೋಳುಗಳು ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಸೋಫಾದ ಮೇಲೆ ಅನಾಥವಾಗಿ ಬಿದ್ದಿದ್ದವು.

"ಇದು ಸ್ವಲ್ಪ ಬಿಗಿ, ಅಷ್ಟೇ. ಬಟ್ಟೆ ಎಳೆದರೆ ಬರ್ತದೆ," ಎಂದರು ಚೇಚಿ, ಮುಖ ಕೆಂಪಗಾಗಿಸಿಕೊಂಡು.

"ಆ ದೊಡ್ಡವು ಎಲ್ಲಾ ಆರನೇ ಮಹಡಿ ಜೀವಿತಾನವ ಇರಬೇಕು," ಎಂದಳು ವೀರಭದ್ರನ ಹೆಂಡತಿ ಕಮಲ, ಒಂದು ಸಣ್ಣ ತೋಳಿನೊಳಗೆ ಉಸಿರು ಹಿಡಿದು ನಿಂತು. ತಂಡದಲ್ಲಿ ಅಲ್ಲಿಗೆ ಬರದಿದ್ದವಳು ಜೀವಿತಾ ಒಬ್ಬಳೇ.

"ಒಬ್ಬಾಕಿಗೆ ಹದಿನಾಲ್ಕು ತೋಳು ಹೆಂಗ ಇರ್ತಾವ?" ಎಂದ ವೀರಭದ್ರ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಕಮಲಾ, ಅದ ನಿಂದಲ್ಲ. ನಿಂದು ಇದ ನೋಡು, ದೊಡ್ಡದು."

ಕಮಲ ಗಂಡನ ಕಡೆ ತಿರುಗಲೂ ಇಲ್ಲ. "ಇವತ್ತ ರಾತ್ರಿ ಊಟಕ್ಕ ಡ್ರಿಲ್ ಹುರ್ಕೊಂಡು ತಿನ್ರಿ," ಎಂದಳು, ಅಷ್ಟೇ.

ಅಷ್ಟರಲ್ಲಿ ಯಾರೋ ಕೊಕ್ಕೆಯ ಕತ್ತರಿಯ ಅಲಗಿನಲ್ಲಿ ರಟ್ಟಿನ ಪುಡಿ ಕಂಡು ಚೇಚಿಗೆ ತೋರಿಸಿದರು. ಚೇಚಿ ಅದನ್ನು ಮೆಲ್ಲಗೆ ವಾಪಸು ನೇತುಹಾಕಿದರು. "ಸಾರೇ, ಬಟ್ಟೆ ಕತ್ತರಿಯಲ್ಲಿ ರಟ್ಟು ಕತ್ತರಿಸಿದ್ದೀರಿ. ಹರಿತ ಹೋಯ್ತು. ಇದನ್ನು ನಾನು ನೋಡಿಲ್ಲ. ಆದರೆ ನಾಳೆ ಬ್ಲೌಸ್ ಇಲ್ಲದಿದ್ದರೆ, ದೀಪದ ಬದಲು ನಿಮ್ಮನ್ನೇ ನಡುವೆ ನಿಲ್ಲಿಸಿ ಸುತ್ತ ಕುಣೀತೇವೆ."

ಸಂಜೆ ಬಾಗಿಲು ತೆರೆದು ಕುಸುಮಾವತಿ ಒಳಗೆ ಬಂದಾಗ ಒಂಬತ್ತು ಹೆಂಗಸರು ಒಂದೊಂದು ಹಸಿರು ತೋಳಿನಲ್ಲಿ ನಿಂತಿದ್ದರು. ಕೃಷ್ಣಾನಂದ ಬೆನ್ನುಗಳ ಡಬ್ಬ ಅಪ್ಪಿಕೊಂಡು ಮೂಲೆಯಲ್ಲಿದ್ದ. ಅವಳು ಹಲಗೆ ನೋಡಿದಳು, ಚೀಟಿಗಳನ್ನು ನೋಡಿದಳು, ಸೋಫಾದ ಮೇಲಿನ ಅನಾಥರನ್ನು ನೋಡಿದಳು. ಆಮೇಲೆ ಚೀಲದ ಜಿಪ್ ಎಳೆದಳು.

ಒಳಗೆ ಇಸ್ತ್ರಿ ಮಾಡಿ ಮಡಚಿದ ಹತ್ತು ಹಸಿರು ಬ್ಲೌಸುಗಳಿದ್ದವು.

"ಹೊಲಿದು ಮುಗಿದು ಮೂರು ದಿನ ಆಯ್ತು ಚೇಚಿ. ಒಳಗಡೆ ಅಂಚು ಮುಗಿಸೋ ಮಷೀನು ಹಂಸಾ ಹತ್ರ ಇದೆಯಲ್ಲ, ಅದಕ್ಕೇ ಹೋಗಿದ್ದೆ. ತೊಗೊಳ್ಳಿ, ಇದು ನಿಮ್ದು. ಕಮಲಾ, ಇದು ನಿಂದು."

ಒಬ್ಬೊಬ್ಬರೂ ಒಳಕೋಣೆಗೆ ಹೋಗಿ ತೊಟ್ಟು ಬಂದರು. ಎಲ್ಲರಿಗೂ ಹೇಳಿ ಮಾಡಿಸಿದಂತೆ ಕೂತಿತ್ತು. "ಕಂಡಿರಾ, ನನಗೆ ಸಣ್ಣದೇ ಅಂತ ಆಗಲೇ ಹೇಳಿದ್ದೆ," ಎನ್ನುತ್ತ ಒಂಬತ್ತೂ ಜನ ಹೊರಬಿದ್ದರು. ವೀರಭದ್ರ ಮಾತ್ರ ಹೆಂಡತಿಯಿಂದ ಸಾಕಷ್ಟು ದೂರ ಬಿಟ್ಟು ಹೊರಟ.

ಬಾಗಿಲು ಮುಚ್ಚಿದ ಮೇಲೆ ಕೃಷ್ಣಾನಂದ ಮೆಲ್ಲಗೆ ಕೇಳಿದ: "ಹಾಗಾದ್ರೆ ಈ ತೋಳುಗಳು?"

"ಹೋದ ವರ್ಷ ಕಾರ್ಯಕ್ರಮ ನಿಂತುಹೋಯ್ತಲ್ಲ, ಆಗ ಕತ್ತರಿಸಿದ್ದು. ಈ ವರ್ಷ ಅಳತೆ ತೊಗೊಂಡ್ರೆ ಎಲ್ರಿಗೂ ಬಿಗಿ. ಹಾಗಂತ ಹೇಳೋಕಾಗತ್ತಾ? ಸುಮ್ನೆ ಅದೇ ಬಣ್ಣದ ಹೊಸ ಬಟ್ಟೆ ತಂದೆ. ಇವು ನೆಲ ಒರೆಸೋಕೆ ಅಂತ ಇಟ್ಟಿದ್ದೆ."

ಕೃಷ್ಣಾನಂದ ಬೆನ್ನುಗಳ ಡಬ್ಬವನ್ನು ಕೆಳಗಿಟ್ಟ. ಆಮೇಲೆ ಖಾಲಿ ಮೂಲೆಯತ್ತ ಕೈ ತೋರಿಸಿದ. "ಜಾಗ ಉಳಿಸಿ ತೋರಿಸಿದ್ದೀನಿ. ಮಾತು ಮಾತೇ."

"ಅದೇ ನಂಗೂ ಆಶ್ಚರ್ಯ," ಎಂದಳು ಕುಸುಮಾವತಿ. "ಹಂಸಾ ಯಜಮಾನ್ರಿಗೆ ಅಹಮದಾಬಾದಿಗೆ ವರ್ಗ ಆಗಿದೆ. ಅಂಚಿನ ಮಷೀನು ನೀನೇ ಇಟ್ಕೋ ಅಂತ ಬೆಳಿಗ್ಗೆಯಿಂದ ಪ್ರಾಣ ತಿಂದ್ಲು. ಬೇಡ ಕಣೆ, ನಮ್ಮಲ್ಲಿ ಜಾಗ ಇಲ್ಲ, ಇರೋ ಮಷೀನನ್ನೂ ಬೆಡ್‌ರೂಮಿಗೆ ಹಾಕ್ಕೊಂಡು ಆ ಕಿಟಕಿ ಇವ್ರಿಗೇ ಬಿಟ್ಟುಬಿಡ್ತೀನಿ, ಪಾಪ, ಎರಡು ವರ್ಷದಿಂದ ಕೇಳ್ತಿದ್ದಾರೆ ಅಂದೆ. ಅಷ್ಟರಲ್ಲಿ ನಿಮ್ಮ ಫೋಟೋ ಬಂತು. ಅಗಲ ಕೂಡ ನೀವೇ ಅಳೆದು ಹೇಳಿದ್ರಂತೆ."

ಕರೆಗಂಟೆ ಬಡಿಯಿತು. ಸ್ಟೇಷನ್ನಿನಿಂದ ಸರಕು ಹೊತ್ತು ಹಿಂದಿನಿಂದ ಬಂದ ಆಟೋದವನು ಬೆವರುತ್ತ ದೊಡ್ಡ ಪೆಟ್ಟಿಗೆಯೊಂದನ್ನು ಒಳಗೆ ತಂದು, ಎಲ್ಲಿ ಇಡಲಿ ಎಂದು ಕುಸುಮಾವತಿಯನ್ನು ಮಲಯಾಳದಲ್ಲಿ ಕೇಳಿದ. ಹೇಳುವ ಅಗತ್ಯ ಬೀಳಲಿಲ್ಲ. ಇಡೀ ಮನೆಯಲ್ಲಿ ಖಾಲಿ ಇದ್ದದ್ದು ಅದೊಂದೇ ಜಾಗ. ಮಷೀನು, ಅದರ ಮೇಜು, ಎರಡೂ ಕಿಟಕಿಯ ಕೆಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತವು.

ಕುಸುಮಾವತಿ ಹಲಗೆಯನ್ನು ಮೆಚ್ಚುಗೆಯಿಂದ ಸವರುತ್ತ ಹೋದವಳು ಒಂದು ಚೀಟಿಯ ಬಳಿ ನಿಂತಳು. ಅದರ ಅಂಚು ಬಹಳ ನೀಟಾಗಿತ್ತು.

"ಈ ಚೀಟಿ ಕತ್ತರಿಸಿದ್ದು ಯಾವ ಕತ್ತರೀಲಿ?"

ಕೃಷ್ಣಾನಂದ ಕಿಟಕಿಯ ಹೊರಗೆ ನೋಡಿದ. ಮೆಟ್ರೋ ಕೂಡ ಬರಲಿಲ್ಲ.

ಆ ರಾತ್ರಿ ಅವನ ಆರಾಮಕುರ್ಚಿಗೆ ಅಡುಗೆಮನೆಯ ದಾರಿಯಲ್ಲಿ, ಗ್ಯಾಸ್ ಸಿಲಿಂಡರಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಜಾಗ ಸಿಕ್ಕಿತು. ಅಲ್ಲಿಂದ ಬಚ್ಚಲಿನ ಬಾಗಿಲು ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಕಾಣುತ್ತಿತ್ತು. ಅವನು ಬರೆದಿದ್ದ ಚೀಟಿಗಳಲ್ಲಿ ಒಂದು ಮಾತ್ರ ಬಳಕೆಯಾಗದೆ ಉಳಿದಿತ್ತು. ಕುಸುಮಾವತಿ ಅದನ್ನು ತಂದು ಕುರ್ಚಿಯ ಬೆನ್ನಿಗೆ ಅಂಟಿಸಿ, ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿದಳು.

'ಇತರೆ.'